ನೂರೈವತ್ತು ರೂಪಾಯಿಗೆ ಇಂಗ್ಲಿಷ್ ಗೊಣಗಾಟ: ದಾವಣಗೆರೆಯ ಒಂದು ಸ್ಲ್ಯಾಂಗ್ ಕೈಪಿಡಿ ಹೇಗಿದೆ?

ದಾವಣಗೆರೆಯ ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆಯ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಹಳದಿ ರಟ್ಟಿನ ಸ್ಪೈರಲ್ ಪುಸ್ತಕವೊಂದು ದಾರಕ್ಕೆ ತೂಗಾಡುತ್ತಿರುತ್ತದೆ. ಸೈನ್ಯದ ಆಯ್ಕೆಗೆ ತಯಾರಾಗುವವರಿಗೂ ಕಾಲ್ ಸೆಂಟರ್ ಕೆಲಸ ಹುಡುಕುವವರಿಗೂ ಒಂದೇ ಏಟಿಗೆ ಇಂಗ್ಲಿಷ್ ಆಡುಮಾತು ಕಲಿಸುತ್ತೇವೆ ಎನ್ನುವ ಸ್ಥಳೀಯ ತರಬೇತಿ ಕೇಂದ್ರವೊಂದರ ತಯಾರಿಕೆ ಇದು. 96 ಪುಟ, 180 ನುಡಿಗಟ್ಟು, ಬೆಲೆ 150 ರೂಪಾಯಿ. 52 ಕಾರ್ಡುಗಳ ಕಟ್ಟು ಬೇಕೆಂದರೆ ಇನ್ನೂ 120. ವಿಷಯ ಮಾತ್ರ ಚೊಕ್ಕವಾಗಿದೆ: ಕೆಲಸ ಕೆಟ್ಟಾಗ, ಹೊತ್ತಲ್ಲದ ಹೊತ್ತಿನಲ್ಲಿ ಏನಾದರೂ ವಕ್ಕರಿಸಿದಾಗ, ಮೇಲಿನವರಿಂದ ಮಂಗಳಾರತಿ ಆದಾಗ ಇಂಗ್ಲಿಷ್ ಮಾತಾಡುವವರು, ಅದರಲ್ಲೂ ಅವರ ಸಿಪಾಯಿಗಳು, ಏನನ್ನುತ್ತಾರೆ ಎಂಬುದು.

ಕೊಳ್ಳಬಹುದೇ ಎಂದು ಕೇಳಿದರೆ, ಪುಸ್ತಕ ಕೊಳ್ಳಬಹುದು, ಕಾರ್ಡು ಬೇಡ. ಪುಸ್ತಕವನ್ನೂ ಇದ್ದ ಹಾಗೇ ನಂಬಬಾರದು. ಪದಗಳ ಆಯ್ಕೆ ಚೆನ್ನಾಗಿದೆ, ಅರ್ಥ ಮುಕ್ಕಾಲು ಪಾಲು ಸರಿಯಿದೆ. ಆದರೆ ಯಾವ ಮಾತಿಗೆ ಎಷ್ಟು ಖಾರ, ಅದನ್ನು ಯಾರ ಮುಂದೆ ಆಡಬಹುದು, ಯಾರ ಮುಂದೆ ಆಡಿದರೆ ಕೆಟ್ಟೆ ಎಂಬುದನ್ನು ಒಂದು ಪುಟದಲ್ಲೂ ಹೇಳಿಲ್ಲ. ಮಿರ್ಚಿ ತಟ್ಟೆ ಮುಂದಿಟ್ಟು ಯಾವುದರಲ್ಲಿ ಬೀಜ ತೆಗೆದಿದೆ, ಯಾವುದರಲ್ಲಿ ತೆಗೆದಿಲ್ಲ ಅಂತ ಹೇಳದೆ ಬಿಟ್ಟ ಹಾಗೆ.

ಮೊದಲ ಅಧ್ಯಾಯವನ್ನೇ ನೋಡಿ. ‘ಸ್ನಾಫು’, ‘ಟಾರ್ಫು’, ‘ಫುಬಾರ್’ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮೂರಕ್ಕೂ ‘ಗೊಂದಲ’ ಎಂದು ಬರೆದಿದ್ದಾರೆ. ಇವು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಬಾಯಲ್ಲಿ ಹುಟ್ಟಿದ ಮೊದಲಕ್ಷರದ ಪದಗಳು. ಸರ್ಕಾರಿ ಕಾಗದದಲ್ಲಿ ಎಲ್ಲಕ್ಕೂ ಅಕ್ಷರ ಕಡಿದು ಹೆಸರಿಡುತ್ತಿದ್ದುದನ್ನು ಅಣಕಿಸಲು ಕಟ್ಟಿದವು. ಸ್ನಾಫು ಅಂದರೆ ‘ಸಿಚುಯೇಷನ್ ನಾರ್ಮಲ್, ಆಲ್ ಫೌಲ್ಡ್ ಅಪ್’: ಪರಿಸ್ಥಿತಿ ಎಂದಿನಂತಿದೆ, ಅಂದರೆ ಎಲ್ಲ ಅಧ್ವಾನ. ಇದರ ಕುಟುಕು ಇರುವುದೇ ಆ ‘ನಾರ್ಮಲ್’ ಪದದಲ್ಲಿ. ಅಧ್ವಾನವಾಗಿದೆ ಎನ್ನುವ ದೂರಲ್ಲ ಅದು. ಅಧ್ವಾನವೇ ಇಲ್ಲಿಯ ಪದ್ಧತಿ ಎನ್ನುವ ವ್ಯಂಗ್ಯ. ಟಾರ್ಫು (‘ಥಿಂಗ್ಸ್ ಆರ್ ರಿಯಲಿ ಫೌಲ್ಡ್ ಅಪ್’) ಒಂದು ಮೆಟ್ಟಿಲು ಮೇಲೆ, ಈ ಸಲ ನಿಜಕ್ಕೂ ಕೆಟ್ಟಿದೆ ಅಂತ. ಫುಬಾರ್ (‘ಫೌಲ್ಡ್ ಅಪ್ ಬಿಯಾಂಡ್ ಆಲ್ ರೆಕಗ್ನಿಷನ್’) ಕೊನೆಯ ಮೆಟ್ಟಿಲು: ಗುರುತು ಸಿಗದಷ್ಟು, ರಿಪೇರಿಗೆ ಒಗ್ಗದಷ್ಟು ಹಾಳು. ನಮ್ಮ ಮಾತಿನಲ್ಲಿ ಏಣಿ ಹಾಕುವುದಾದರೆ ‘ಇದ್ದದ್ದೇ ಅಧ್ವಾನ’, ‘ಭಾರೀ ಎಡವಟ್ಟು’, ‘ಲಗಾಡಿ ಎದ್ದುಹೋಯ್ತು’. ಮೂರನ್ನೂ ‘ಗೊಂದಲ’ ಎಂದರೆ ಜ್ವರಕ್ಕೂ ಸನ್ನಿಗೂ ಒಂದೇ ಮಾತ್ರೆ ಕೊಟ್ಟಂತೆ.

ವ್ಯಾಕರಣವೂ ತಪ್ಪಿದೆ. ‘ಮೈ ಬೈಕ್ ಈಸ್ ಸ್ನಾಫು’ ಎಂಬ ಉದಾಹರಣೆ ಕೊಟ್ಟಿದ್ದಾರೆ. ಹಾಗೆ ಯಾರೂ ಅನ್ನುವುದಿಲ್ಲ. ಸ್ನಾಫು ಇವತ್ತು ಬಹುಮಟ್ಟಿಗೆ ನಾಮಪದ, ಒಂದು ಘಟನೆಯ ಹೆಸರು: ‘ದೇರ್ ವಾಸ್ ಎ ಸ್ನಾಫು ವಿತ್ ದಿ ಟಿಕೆಟ್ಸ್’. ಫುಬಾರ್ ವಿಶೇಷಣ, ವಸ್ತುವಿಗೂ ಹತ್ತುತ್ತದೆ: ‘ದಿ ಗೇರ್‌ಬಾಕ್ಸ್ ಈಸ್ ಫುಬಾರ್’. ಹಾಗಾಗಿ ಗ್ಯಾರೇಜಿನಲ್ಲಿರುವ ಬೈಕಿಗೆ ಫುಬಾರ್, ಬೈಕಿನ ಕಾಗದಪತ್ರ ಕಚೇರಿಯಲ್ಲಿ ಅದಲುಬದಲಾದರೆ ಸ್ನಾಫು. ಇಷ್ಟು ಬರೆಯಲು ಎರಡು ಸಾಲು ಸಾಕಿತ್ತು.

ಇದಕ್ಕಿಂತ ದೊಡ್ಡ ತಪ್ಪು ಬೇರೆಯಿದೆ. ಈ ಮೂರೂ ಪದಗಳಲ್ಲಿರುವ ‘ಎಫ್’ ಅಕ್ಷರ ಮೂಲದಲ್ಲಿ ‘ಫೌಲ್ಡ್’ ಅಲ್ಲವೇ ಅಲ್ಲ, ಇಂಗ್ಲಿಷಿನ ಅತಿ ಸಾಮಾನ್ಯ ಅಶ್ಲೀಲ ಬೈಗುಳ. ‘ಫೌಲ್ಡ್’ ಎಂಬುದು ಪತ್ರಿಕೆಯಲ್ಲಿ ಅಚ್ಚು ಹಾಕಲು ಮಾಡಿದ ಸಭ್ಯ ತೇಪೆ. ಪುಸ್ತಕದಲ್ಲಿ ತೇಪೆಯನ್ನಷ್ಟೇ ತೋರಿಸಿ, ಅದರಡಿ ಏನಿದೆ ಎಂಬ ಸುಳಿವನ್ನೂ ಬಿಟ್ಟಿಲ್ಲ. ಓದಿದ ಹುಡುಗ ಸಂದರ್ಶನದಲ್ಲಿ ಅಧಿಕಾರಿಯ ಮುಂದೆ ಹೆಮ್ಮೆಯಿಂದ ‘ಫುಬಾರ್’ ಅಂದರೆ, ಕೇಳಿದವರಿಗೆ ಪೂರ್ತಿ ವಾಕ್ಯವೇ ಕಿವಿಗೆ ಬೀಳುತ್ತದೆ. ಸ್ನಾಫು ಈಗ ಸವೆದು ಸಪ್ಪೆಯಾಗಿದೆ, ಅಮೆರಿಕದ ದಿನಪತ್ರಿಕೆಗಳ ತಲೆಬರಹದಲ್ಲೂ ಬರುತ್ತದೆ. ಫುಬಾರ್ ಅಷ್ಟು ಸವೆದಿಲ್ಲ. ಸಲಹೆ ಇಷ್ಟೇ: ಸ್ನಾಫು ಗೆಳೆಯರ ನಡುವೆಯೂ ಇಮೇಲಿನಲ್ಲೂ ನಡೆದೀತು, ಫುಬಾರ್ ಗೆಳೆಯರ ನಡುವೆ ಮಾತ್ರ, ಟಾರ್ಫುವನ್ನು ಗುರುತಿಸಿದರೆ ಸಾಕು, ಆಡಬೇಕಿಲ್ಲ.

ಯುಬಿಡಿಟಿ, ಬಿಐಇಟಿ ಇಂಜಿನಿಯರಿಂಗ್ ಕಾಲೇಜುಗಳ ಕಡೆಯ ಕಂಪ್ಯೂಟರ್ ವಿದ್ಯಾರ್ಥಿಗಳು ಪ್ರೋಗ್ರಾಂ ಬರೆಯುವಾಗ ‘ಫೂ’, ‘ಬಾರ್’ ಎಂದು ವೇರಿಯಬಲ್ಲಿಗೆ ಹೆಸರಿಡುತ್ತಾರಲ್ಲ, ಅದಕ್ಕೂ ಫುಬಾರಿಗೂ ನಂಟಿದೆ ಎಂದು ಪುಸ್ತಕದಲ್ಲಿ ಖಚಿತವಾಗಿ ಬರೆದಿದೆ. ನಂಟು ಕಲ್ಪಿಸುವವರು ಬಹಳ ಜನ. ಆದರೆ ‘ಫೂ’ ಎಂಬ ಪದ 1930ರ ದಶಕದ ಅಮೆರಿಕನ್ ಕಾಮಿಕ್ ಪಟ್ಟಿಗಳಲ್ಲೇ ಇತ್ತು, ಅಂದರೆ ಫುಬಾರಿಗಿಂತ ಹಳೆಯದು. ಅಣ್ಣನ ಹೆಸರನ್ನು ತಮ್ಮನಿಂದ ಬಂದದ್ದು ಎಂದ ಹಾಗಾಯಿತು.

ಪುಸ್ತಕದ ಒಳ್ಳೆಯ ಭಾಗಕ್ಕೆ ಬರೋಣ. ಎರಡನೇ ಅಧ್ಯಾಯದಲ್ಲಿ ರೇಡಿಯೋ ಅಕ್ಷರಮಾಲೆ ಇದೆ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಪದ: ಆಲ್ಫಾ, ಬ್ರಾವೋ, ಚಾರ್ಲಿಯಿಂದ ಜುಲುವರೆಗೆ. 1956ರಿಂದ ವಿಮಾನಯಾನಕ್ಕೂ ನೇಟೋ ಸೇನೆಗಳಿಗೂ ಇದೇ ಪಟ್ಟಿ. ಅಭ್ಯಾಸಕ್ಕೆ ರಸ್ತೆಯಲ್ಲಿ ಕಾಣುವ ಗಾಡಿ ನಂಬರನ್ನೇ ಓದಿ ಎಂದಿದ್ದಾರೆ, ಒಳ್ಳೆಯ ಉಪಾಯ. ದಾವಣಗೆರೆ ಗಾಡಿಯಾದರೆ ‘ಕಿಲೋ ಆಲ್ಫಾ ವನ್ ಸೆವೆನ್’, ಚಿತ್ರದುರ್ಗದ್ದಾದರೆ ‘ಕಿಲೋ ಆಲ್ಫಾ ವನ್ ಸಿಕ್ಸ್’. ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಮೂವತ್ತು ನಂಬರು ಸಿಗುತ್ತವೆ. ಒಂದು ವಾರಕ್ಕೆ ಬಹುತೇಕ ಅಕ್ಷರಗಳು ನಾಲಗೆಗೆ ಹತ್ತುತ್ತವೆ. ಒಂದು ಕೊರತೆ: ಅಂಕಿಗಳ ರೇಡಿಯೋ ಉಚ್ಚಾರ ಕೊಟ್ಟಿಲ್ಲ. ಮೂರು ‘ಟ್ರೀ’, ಐದು ‘ಫೈಫ್’, ಒಂಬತ್ತು ‘ನೈನರ್’. ಗೊರಗೊರ ಸದ್ದಿನಲ್ಲಿ ‘ಫೈವ್’ ಮತ್ತು ‘ನೈನ್’ ಒಂದೇ ಥರ ಕೇಳುವುದರಿಂದ ಈ ಬದಲಾವಣೆ.

ಈ ಅಕ್ಷರಮಾಲೆ ಬೈಗುಳಕ್ಕೆ ಮುಸುಕೂ ಹೌದು. ‘ಚಾರ್ಲಿ ಫಾಕ್ಸ್‌ಟ್ರಾಟ್’ ಅಂದರೆ ಸಿ ಮತ್ತು ಎಫ್: ಹತ್ತು ಜನ ಒಟ್ಟಿಗೆ ಕೈಹಾಕಿ ಕೆಡಿಸಿದ ಕೆಲಸಕ್ಕೆ ಸಿಪಾಯಿಗಳಿಟ್ಟ ಹೆಸರು. ‘ವಿಸ್ಕಿ ಟ್ಯಾಂಗೋ ಫಾಕ್ಸ್‌ಟ್ರಾಟ್’ ಎಂಬುದು ಮೊಬೈಲಿನಲ್ಲಿ ಎಲ್ಲರೂ ಕುಟ್ಟುವ ಮೂರಕ್ಷರದ ಅಚ್ಚರಿ, ಡಬ್ಲ್ಯುಟಿಎಫ್. ಇವುಗಳ ಪಕ್ಕದಲ್ಲೇ ‘ಬ್ರಾವೋ ಜುಲು’ವನ್ನೂ ಬೈಗುಳದ ಪಟ್ಟಿಗೆ ಸೇರಿಸಿದ್ದಾರೆ. ಇದು ಪುಸ್ತಕದ ಅತ್ಯಂತ ಅಪಾಯದ ತಪ್ಪು, ಏಕೆಂದರೆ ಬ್ರಾವೋ ಜುಲು ನೌಕಾಪಡೆಯ ಸಂಕೇತದಲ್ಲಿ ‘ಶಹಬ್ಬಾಸ್’. ನೇವಿಯವರು ಬೆನ್ನು ತಟ್ಟಿದಾಗ ಹುಡುಗ ಮುಖ ಸಪ್ಪೆ ಮಾಡಿಕೊಂಡಾನು.

ಹೊತ್ತಿಗೆ ಸಂಬಂಧಿಸಿದ ಮಾತುಗಳು ಮೂರನೇ ಅಧ್ಯಾಯದಲ್ಲಿವೆ. ‘ಹರಿ ಅಪ್ ಅಂಡ್ ವೇಟ್’: ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಓಡಿಸಿ, ಸಾಲು ನಿಲ್ಲಿಸಿ, ಆಮೇಲೆ ಒಂಬತ್ತರವರೆಗೆ ಸುಮ್ಮನೆ ನಿಲ್ಲಿಸುವ ಸೈನ್ಯದ ಪದ್ಧತಿಗೆ ಇಟ್ಟ ಹೆಸರು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಹಾರ್ನ್ ಒತ್ತುತ್ತ ನಿಂತ ಕಾಲ ನೆನಪಿರುವ ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೈಗುಳದ ಸೋಂಕಿಲ್ಲದ ಮಾತು; ಯಾರ ಮುಂದೆಯೂ ಆಡಬಹುದು. ‘ಓ ಡಾರ್ಕ್ ಥರ್ಟಿ’ಗೆ ಪುಸ್ತಕದಲ್ಲಿ ‘ರಾತ್ರಿ 12:30’ ಎಂದು ಕರಾರುವಾಕ್ ಗಂಟೆ ಕೊಟ್ಟಿದ್ದಾರೆ. ಸಿಪಾಯಿಗಳು ಸಾಮಾನ್ಯವಾಗಿ ಅಷ್ಟು ಲೆಕ್ಕ ಇಡುವುದಿಲ್ಲ. ಬೆಳಕು ಹರಿಯುವ ಮೊದಲಿನ ಯಾವುದೇ ದರಿದ್ರ ಹೊತ್ತಿಗೆ ಹಾಗನ್ನುತ್ತಾರೆ. ಕನ್ನಡದಲ್ಲಿ ‘ಅಪರಾತ್ರಿ’ ಇದೆಯಲ್ಲ, ಅದೇ. ‘ಅಪರಾತ್ರಿ ಎಷ್ಟು ಗಂಟೆ?’ ಎಂದು ಯಾರೂ ಕೇಳುವುದಿಲ್ಲ.

‘ಡೆಡ್‌ಲೈನ್’ ಕೂಡ ಇಲ್ಲೇ ಇದೆ, ಪತ್ರಿಕಾ ಕಚೇರಿಯ ಪದ ಎಂಬ ವಿವರಣೆಯೊಂದಿಗೆ. ಪತ್ರಿಕೆಯವರು ಬಳಸಿದ್ದು ಆಮೇಲೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಯುದ್ಧಕೈದಿಗಳ ಶಿಬಿರದಲ್ಲಿ ಗೋಡೆಗಿಂತ ಒಳಗೆ ಒಂದು ಗೆರೆ ಇತ್ತು. ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಸತ್ತೇ ಹೋಗುವ ಗೆರೆ, ಅಕ್ಷರಶಃ. ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಈ ಪದ ಸ್ವಲ್ಪ ಜಾಸ್ತಿಯೇ ಆಯಿತು.

ಪದಗಳ ಹುಟ್ಟಿನ ವಿಷಯದಲ್ಲಿ ಪುಸ್ತಕ ಅಲ್ಲಲ್ಲಿ ಎಡವುತ್ತದೆ. ತುಪಾಕಿಯ ಮಾತುಗಳ ಅಧ್ಯಾಯದಲ್ಲಂತೂ ಸರಣಿಯಾಗಿ ಎಡವಿದೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ನೋಡಿದವರಿಗೆ ಈ ಅಧ್ಯಾಯ ಬಲು ಸುಲಭವಾಗಬೇಕಿತ್ತು. ‘ಫ್ಲ್ಯಾಶ್ ಇನ್ ದಿ ಪ್ಯಾನ್’ ಎಂಬುದು ಚಿನ್ನ ಜಾಲಿಸುವ ಬೋಗುಣಿಯಲ್ಲಿ ಮಿಂಚಿ ಮಾಯವಾಗುವ ಹೊಳಪು ಎಂದು ಬರೆದಿದ್ದಾರೆ. ತಪ್ಪು. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚು 1849ರದ್ದು. ಈ ಮಾತು ಹದಿನೇಳನೇ ಶತಮಾನದ ಕೊನೆಯಿಂದಲೇ ಇದೆ. ಇಲ್ಲಿ ‘ಪ್ಯಾನ್’ ಅಂದರೆ ಚಕಮಕಿ ಬಂದೂಕಿನ ಪಕ್ಕದಲ್ಲಿರುವ ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ಮದ್ದು. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಬಟ್ಟಲಿಗೆ ಬೀಳುತ್ತದೆ, ಬಟ್ಟಲಿನ ಮದ್ದು ಭುಗ್ಗೆಂದು, ಆ ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಗಿನ ಮುಖ್ಯ ಮದ್ದಿಗೆ ಹೋಗಬೇಕು. ತೂತಿನಲ್ಲಿ ಮಸಿ ಕಟ್ಟಿದ್ದರೆ ಅಥವಾ ಒಳಗಿನ ಮದ್ದು ಥಂಡಿ ಹಿಡಿದಿದ್ದರೆ ಬಟ್ಟಲಿನಲ್ಲಷ್ಟೇ ಬೆಳಕು, ಗುಂಡು ಅಲ್ಲೇ. ಹಾಗಾಗಿ ಈ ಮಾತಿಗೆ ‘ಕ್ಷಣಿಕ’ ಎಂಬ ಅರ್ಥವಷ್ಟೇ ಸಾಲದು. ಭಾರೀ ಆರ್ಭಟದಿಂದ ಶುರುವಾಗಿ ಮುಂದಕ್ಕೆ ಹೋಗದೆ ನಿಂತದ್ದು ಎಂಬುದೇ ಸರಿ. ಒಂದೇ ಪಂದ್ಯದಲ್ಲಿ ಶತಕ ಹೊಡೆದು ಆಮೇಲೆ ಪತ್ತೆಯಿಲ್ಲದ ಆಟಗಾರ, ಮೊದಲ ವಾರ ಕ್ಯೂ ನಿಂತು ಮೂರನೇ ತಿಂಗಳು ಶಟರ್ ಎಳೆದ ಹೋಟೆಲು.

ಇದರ ತಮ್ಮ ‘ಹ್ಯಾಂಗ್ ಫೈರ್’. ಕುದುರೆ ಎಳೆದಿದ್ದಾರೆ, ಸದ್ದಿಲ್ಲ, ಆದರೆ ಮದ್ದು ಒಳಗೆ ನಿಧಾನವಾಗಿ ಹತ್ತುತ್ತಿರಬಹುದು. ಈಗಿನ ಫೈರಿಂಗ್ ರೇಂಜಿನಲ್ಲೂ ಗುಂಡು ಹಾರದಿದ್ದರೆ ಬಂದೂಕನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿಸುತ್ತಾರೆ. ಬಾಯಿ ತಿರುಗಿಸಿ ‘ಏನಾಯ್ತಪ್ಪಾ’ ಎಂದು ಇಣುಕುವವನು ಬದುಕಿದರೆ ಪುಣ್ಯ. ತೀರ್ಮಾನ ತಡವಾಗಿ ತೂಗಾಡುತ್ತಿರುವಾಗ ‘ದಿ ಡಿಸಿಷನ್ ಈಸ್ ಹ್ಯಾಂಗಿಂಗ್ ಫೈರ್’ ಎನ್ನುತ್ತಾರೆ. ಪುಸ್ತಕ ಇದನ್ನು ‘ಬೆಂಕಿಯಲ್ಲಿ ನೇತುಹಾಕು’ ಎಂದು ಮಾಡಿ, ಗಲ್ಲುಶಿಕ್ಷೆಯ ಮಾತಿನಂತೆ ಹೆದರಿಸಿಬಿಟ್ಟಿದೆ. ‘ಹಾಯ್ಸ್ಟ್ ವಿತ್ ಹಿಸ್ ಓನ್ ಪೆಟಾರ್ಡ್’ಗೂ ಅದೇ ಗತಿ. ಪೆಟಾರ್ಡ್ ಅಂದರೆ ಹಗ್ಗ ಎಂದಿದ್ದಾರೆ. ಅಲ್ಲ, ಕೋಟೆ ಬಾಗಿಲಿಗೆ ತಗಲಿಸಿ ಸಿಡಿಸುವ ಮದ್ದಿನ ಪೆಟ್ಟಿಗೆ. ಬತ್ತಿ ಹಚ್ಚಿದವನು ಓಡುವ ಮೊದಲೇ ಸಿಡಿದರೆ ಅವನೇ ಗಾಳಿಗೆ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಂತೆ, ಅಷ್ಟೇ, ಇಲ್ಲಿ ಮೇಲಕ್ಕೆ ಬೀಳುತ್ತಾನೆ.

‘ಬೈಟ್ ದಿ ಬುಲೆಟ್’, ಅಂದರೆ ಹಲ್ಲುಕಚ್ಚಿ ಸಹಿಸು ಎಂಬ ಮಾತಿಗೆ 1857ರ ಕೊಬ್ಬು ಸವರಿದ ತೋಟಾದ ಕತೆ ಕಟ್ಟಿದ್ದಾರೆ. ಸಿಪಾಯಿಗಳು ತೋಟಾ ಕಚ್ಚಿ ಹರಿಯಬೇಕಿತ್ತು ಎಂಬುದು ನಿಜವೇ. ಆದರೆ ಛಡಿ ಏಟು ತಿನ್ನುವಾಗ ಕೂಗಬಾರದೆಂದು ಗುಂಡನ್ನು ಹಲ್ಲಿನ ನಡುವೆ ಕಚ್ಚುವ ಸೈನಿಕರ ಪದ್ಧತಿಯನ್ನು ಫ್ರಾನ್ಸಿಸ್ ಗ್ರೋಸ್ ಎಂಬಾತ ತನ್ನ ಆಡುಮಾತಿನ ನಿಘಂಟಿನ 1796ರ ಮುದ್ರಣದಲ್ಲೇ ದಾಖಲಿಸಿದ್ದ. ಅರವತ್ತು ವರ್ಷ ಮುಂಚೆ.

ಕೋಟೆಯ ಮಾತು ಬಂತಲ್ಲ. ‘ಕಾಟ್ ಆನ್ ದಿ ಹಾಪ್’ ಎಂಬುದಕ್ಕೆ ‘ಕುಣಿಯುವಾಗ ಸಿಕ್ಕಿಬಿದ್ದ’ ಎಂದು ಬರೆದಿದ್ದಾರೆ; ತಯಾರಿಲ್ಲದಾಗ ಸಿಕ್ಕಿಬೀಳುವುದು ಎಂಬುದು ಸರಿಯಾದ ಅರ್ಥ. ದುರ್ಗದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕೇ? ಕಾವಲಿನವನು ಊಟಕ್ಕೆ ಹೋದ ಹೊತ್ತು ನೋಡಿ ಹೈದರಾಲಿಯ ಕಡೆಯವರು ಕಿಂಡಿಯಿಂದ ನುಸುಳಿದ್ದು ಕೋಟೆಯವರನ್ನು ‘ಆನ್ ದಿ ಹಾಪ್’ ಹಿಡಿಯಲು. ಓಬವ್ವ ಒನಕೆ ಎತ್ತಿದ ಮೇಲೆ ಸಿಕ್ಕಿಬಿದ್ದವರು ಅವರೇ. ಇದೇ ಅರ್ಥದ, ಪ್ಯಾಂಟು ಜಾರಿದ ಹೊತ್ತಿಗೆ ಸಿಕ್ಕಿಬಿದ್ದ ಎನ್ನುವ ಇನ್ನೊಂದು ಮಾತೂ ಪುಸ್ತಕದಲ್ಲಿದೆ, ಅದು ಅರೆ ಒರಟು. ಸಂದರ್ಶನಕ್ಕೆ ‘ಹಾಪ್’ ಒಯ್ಯಿರಿ, ಪ್ಯಾಂಟನ್ನು ಮನೆಯಲ್ಲಿ ಬಿಡಿ.

ಈಗ ಕಾರ್ಡುಗಳು. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಕನ್ನಡ ಎನ್ನುವುದು ಸೌಜನ್ಯಕ್ಕೆ. ‘ಎಂಬ್ರೇಸ್ ದಿ ಸಕ್’ಗೆ ‘ಹೀರುವಿಕೆಯನ್ನು ಅಪ್ಪಿಕೊಳ್ಳಿ’ ಅಂತೆ. ‘ಬ್ಯಾಡ್ ಹೇರ್ ಡೇ’ಗೆ ‘ಕೆಟ್ಟ ಕೂದಲಿನ ದಿನ’. ‘ಗಾನ್ ಪೇರ್-ಶೇಪ್ಡ್’ಗೆ ‘ಪೇರಲ ಹಣ್ಣಿನಾಕಾರಕ್ಕೆ ಹೋಯಿತು’. ಹಣ್ಣೂ ತಪ್ಪು, ‘ಎಡವಟ್ಟಾಯಿತು’ ಎಂಬ ಅರ್ಥವೂ ಇಲ್ಲ. ಯಂತ್ರಕ್ಕೆ ಹಾಕಿ ತಿರುಗಿಸಿದ್ದನ್ನು ಒಮ್ಮೆ ಓದಿ ನೋಡಿದ್ದರೂ ಸಾಕಿತ್ತು. ಇಂಗ್ಲಿಷಿನ ಗೊಣಗಾಟಕ್ಕೆ ಕನ್ನಡದಲ್ಲಿ ಸಮನಾದ ಗೊಣಗಾಟ ರಾಶಿ ಬಿದ್ದಿದೆ, ಕೈಗೆ ಮಣ್ಣಾಗದಂತೆ ಎತ್ತಿಕೊಳ್ಳಬಹುದಿತ್ತು.

‘ವಾಲಂಟೋಲ್ಡ್’ ಎಂಬ ಸೈನಿಕರ ಪದವನ್ನೇ ತಗೊಳ್ಳಿ: ‘ವಾಲಂಟಿಯರ್’ ಮತ್ತು ‘ಟೋಲ್ಡ್’ ಕಸಿ ಮಾಡಿದ್ದು. ಸ್ವಯಂಪ್ರೇರಿತನಾಗಿ ಮುಂದೆ ಬಂದಿದ್ದೀಯ ಎಂದು ಮೇಲಿನವರೇ ಘೋಷಿಸುವುದು. ನಮ್ಮಲ್ಲಿ ಅದಕ್ಕೆ ‘ಬಲವಂತದ ಮಾಘಸ್ನಾನ’. ಕೊರೆವ ಚಳಿ, ತಣ್ಣೀರು, ಹಿಂದಿನಿಂದ ತಳ್ಳುವ ಕೈ ಎಲ್ಲವೂ ಒಂದೇ ಮಾತಿನಲ್ಲಿದೆ. ‘ಎಂಬ್ರೇಸ್ ದಿ ಸಕ್’ ಅಂದರೆ ಕಷ್ಟ ತಪ್ಪದು, ಗೊಣಗದೆ ಮೈಯೊಡ್ಡು ಅಂತ; ‘ಒರಳಲ್ಲಿ ತಲೆಯಿಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರಾದೀತೇ’ ಅದಕ್ಕೆ ಸರಿಜೋಡಿ. ‘ವೆನ್ ಇಟ್ ರೇನ್ಸ್, ಇಟ್ ಪೋರ್ಸ್’ಗೆ ಪುಸ್ತಕದಲ್ಲಿ ‘ಮಳೆ ಬಂದರೆ ಸುರಿಯುತ್ತದೆ’ ಎಂದಿದೆ. ಮಳೆಗಾಗಿ ಮೋಡ ನೋಡುವ ಈ ಸೀಮೆಯಲ್ಲಿ ಅದನ್ನು ಓದಿದವರು ಒಳ್ಳೆಯ ಸುದ್ದಿ ಎಂದುಕೊಂಡಾರು! ‘ಬರಗಾಲದಲ್ಲಿ ಅಧಿಕ ಮಾಸ’ ಎಂದು ಬರೆದಿದ್ದರೆ ತಕ್ಷಣ ತಲೆಗೆ ಹೋಗುತ್ತಿತ್ತು: ಕಣಜ ಖಾಲಿ, ಅದರ ಮೇಲೆ ಆ ವರ್ಷಕ್ಕೆ ಒಂದು ತಿಂಗಳು ಹೆಚ್ಚು. ಕುದುರೆ ಓಡಿದ ಮೇಲೆ ಲಾಯದ ಬಾಗಿಲು ಹಾಕುವ ಇಂಗ್ಲಿಷ್ ಗಾದೆಗೆ ‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’. ಹೊತ್ತಲ್ಲದ ಹೊತ್ತಿಗೆ ನುಗ್ಗಿ ಎಲ್ಲ ಹಾಳುಮಾಡುವವನಿಗೆ ‘ಶಿವಪೂಜೆಯಲ್ಲಿ ಕರಡಿ’. ಇದಕ್ಕೆ ಸಮನಾಗುವ ಖದರು ಇಂಗ್ಲಿಷಿನ ‘ಬ್ಯಾಡ್ ಟೈಮಿಂಗ್’ಗೆ ಎಲ್ಲಿಂದ ಬರಬೇಕು?

‘ಕ್ಯಾಚ್-22’ ಕಾರ್ಡನ್ನು ನೋಡಿದರೆ ಬೇಸರವೇ ಆಗುತ್ತದೆ. ‘ಕಠಿಣ ಸಮಸ್ಯೆ’ ಎಂದು ಬರೆದು ಮುಗಿಸಿದ್ದಾರೆ. ಸಮಸ್ಯೆ ಕಠಿಣವಾಗಿರುವುದಲ್ಲ, ನಿಯಮವೇ ತನ್ನ ಬಾಲ ನುಂಗುವಂತಿರುವುದು ಇದರ ಮರ್ಮ. 1961ರಲ್ಲಿ ಬಂದ ಜೋಸೆಫ್ ಹೆಲ್ಲರ್ ಕಾದಂಬರಿಯಿಂದ ಹೊರಟ ಮಾತು: ಹುಚ್ಚು ಹಿಡಿದ ವೈಮಾನಿಕ ಹಾರಾಟದಿಂದ ಬಿಡುಗಡೆ ಕೇಳಿದರೆ ಸಿಗುತ್ತದೆ, ಆದರೆ ಬಿಡುಗಡೆ ಕೇಳುವಷ್ಟು ಪ್ರಾಣಭಯ ಇದ್ದರೆ ಅವನಿಗೆ ಹುಚ್ಚಿಲ್ಲ ಎಂದೇ ಲೆಕ್ಕ. ನಮ್ಮ ಅಜ್ಜಿಯರು ಇದನ್ನು ಹುಚ್ಚಿನ ಸಮೇತ ಮೊದಲೇ ಹೇಳಿಟ್ಟಿದ್ದಾರೆ: ‘ಮದುವೆ ಆಗೋತನಕ ಹುಚ್ಚು ಬಿಡಲ್ಲ, ಹುಚ್ಚು ಬಿಡೋತನಕ ಮದುವೆ ಆಗಲ್ಲ’. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ ಎಂಬುದೂ ಅದೇ ಗಾಣ. ಗಾದೆಯನ್ನು ಕಾರ್ಡಿನ ಹಿಂದೆ ಅಚ್ಚು ಹಾಕಿದ್ದರೆ 120 ರೂಪಾಯಿ ವಸೂಲಾಗುತ್ತಿತ್ತು.

ವಿಮಾನದವರ ಮಾತುಗಳು ಪರವಾಗಿಲ್ಲ. ‘ಗ್ರೆಮ್ಲಿನ್’, ಅಂದರೆ ವಿಮಾನದ ಯಂತ್ರ ಕೆಡಿಸುವ ಅಗೋಚರ ಪುಟ್ಟ ದೆವ್ವ, ಬ್ರಿಟಿಷ್ ವಾಯುಪಡೆಯ ಸೃಷ್ಟಿ ಎಂಬುದು ಸರಿಯಾಗಿದೆ. ‘ಫ್ಲ್ಯಾಕ್’ ಕೂಡ ಸರಿ: ವಿಮಾನ ಹೊಡೆದುರುಳಿಸುವ ತೋಪಿನ ಉದ್ದನೆಯ ಜರ್ಮನ್ ಹೆಸರನ್ನು ಮೊಟಕು ಮಾಡಿದ್ದು, ಈಗ ನಾಲ್ಕೂ ಕಡೆಯಿಂದ ಬೀಳುವ ಟೀಕೆ. ಒಂದು ಅಕ್ಷರದೋಷವಿದೆ, ಕೊನೆಯ ಕೆ ಮುಂಚೆ ಸಿ ಸೇರಿಸಿದ್ದಾರೆ. ಹಾಗೆ ಬರೆದರೆ ಪ್ರಚಾರದ ಏಜೆಂಟ್ ಎಂಬ ಬೇರೆಯೇ ಅರ್ಥ ಇದೆ. ‘ಗಾನ್ ಫಾರ್ ಎ ಬರ್ಟನ್’, ಅಂದರೆ ಹೋಗೇಬಿಟ್ಟ, ಸತ್ತ, ಕೆಟ್ಟ ಎಂಬ ಮಾತಿಗೆ ಬಿಯರ್ ಜಾಹೀರಾತೇ ಮೂಲ ಎಂದು ಠಸ್ಸೆ ಒತ್ತಿದ್ದಾರೆ. ಬರ್ಟನ್ ಊರಿನ ಬಿಯರ್ ಒಂದು ಊಹೆ, ಬರ್ಟನ್ ಹೆಸರಿನ ದರ್ಜಿ ಅಂಗಡಿಗಳು ಇನ್ನೊಂದು ಊಹೆ; ಯಾವುದಕ್ಕೂ ಸಾಕ್ಷ್ಯ ಸಿಕ್ಕಿಲ್ಲ.

‘ಮರ್ಫಿಸ್ ಲಾ’ ಐರಿಶ್ ಗಾದೆಯಲ್ಲ, ಪುಸ್ತಕ ಏನೇ ಹೇಳಲಿ. 1949ರಲ್ಲಿ ಕ್ಯಾಲಿಫೋರ್ನಿಯಾ ಮರುಭೂಮಿಯ, ಇಂದು ಎಡ್ವರ್ಡ್ಸ್ ಎನ್ನುವ ವಾಯುನೆಲೆಯಲ್ಲಿ ರಾಕೆಟ್ ಕಟ್ಟಿದ ಬಂಡಿಯ ಮೇಲೆ ಮನುಷ್ಯ ಎಷ್ಟು ಎಳೆತ ತಾಳುತ್ತಾನೆ ಎಂಬ ಪರೀಕ್ಷೆ ನಡೆಯುತ್ತಿತ್ತು. ಎಡ್ವರ್ಡ್ ಮರ್ಫಿ ಎಂಬ ಕ್ಯಾಪ್ಟನ್ ತಂದ ಅಳತೆ ಉಪಕರಣಗಳ ತಂತಿ ತಿರುವುಮುರುವಾಗಿ, ಓಟ ಮುಗಿದ ಮೇಲೆ ನೋಡಿದರೆ ಅಳತೆಯೇ ಇಲ್ಲ. ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎಂಬ ಮಾತಿಗೆ ಅವನ ಹೆಸರು ಅಂಟಿದ್ದು ಹಾಗೆ. ಬ್ರಿಟನ್ನಿನವರು ಇದನ್ನೇ ‘ಸಾಡ್ಸ್ ಲಾ’ ಎನ್ನುತ್ತಾರೆ. ‘ಸಾಡ್’ ಒರಟು ಪದ, ಹುಷಾರು. ಬೆಣ್ಣೆ ಹಚ್ಚಿದ ಬ್ರೆಡ್ಡು ಬಿದ್ದರೆ ಬೆಣ್ಣೆಯ ಮಗ್ಗುಲೇ ನೆಲಕ್ಕೆ ಎಂಬುದು ಅವರ ಉದಾಹರಣೆ. ಬೆಣ್ಣೆ ದೋಸೆಯ ಊರಿನಲ್ಲಿ ಅಚ್ಚಾದ ಪುಸ್ತಕ ಬ್ರೆಡ್ಡನ್ನೇ ಇಟ್ಟುಕೊಂಡದ್ದು ಕ್ಷಮೆಗೆ ಅರ್ಹವಲ್ಲ.

ಎಲ್ಲಕ್ಕಿಂತ ಕೊರಗು ತರುವುದು ಏಳನೇ ಅಧ್ಯಾಯ, ‘ಬ್ರಿಟಿಷ್ ಸಿಪಾಯಿಗಳ ಶುದ್ಧ ಇಂಗ್ಲಿಷ್ ಪದಗಳು’. ಇದರಲ್ಲಿರುವ ಹನ್ನೊಂದರಲ್ಲಿ ಆರು ನಮ್ಮವು. ‘ಕುಶಿ’, ಆರಾಮದ ಕೆಲಸ: ಖುಷಿ. ‘ಚಿಟ್’: ಚೀಟಿ. ‘ಡೆಕ್ಕೋ’: ದೇಖೋ. ‘ಪಟ್ಟೀ’, ಕಾಲಿಗೆ ಸುತ್ತುವ ಬಟ್ಟೆ: ಪಟ್ಟಿ. ‘ಬ್ಲೈಟಿ’ ಎಂದರೆ ತಾಯ್ನಾಡು ಇಂಗ್ಲೆಂಡು. ನಮ್ಮ ‘ವಿಲಾಯ್ತಿ’ ಅವರ ನಾಲಗೆಯಲ್ಲಿ ಹೊರಳಿದ್ದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ‘ಎ ಬ್ಲೈಟಿ ವನ್’ ಅಂದರೆ ಸಾಯಿಸದ, ಆದರೆ ಊರಿಗೆ ಕಳಿಸುವಷ್ಟು ದೊಡ್ಡ ಗಾಯ. ಗಾಯವನ್ನು ಹಾರೈಸುವ ಸ್ಥಿತಿ ಎಂಥದ್ದಿರಬೇಕು!

ಆರನೆಯದು ‘ಡೂಲ್ಯಾಲಿ’, ತಲೆಕೆಟ್ಟವನು ಎಂಬ ಅರ್ಥ. ‘ಡಲ್’ ಪದದಿಂದ ಬಂದದ್ದು ಎಂದು ಪುಸ್ತಕ ಹೇಳುತ್ತದೆ. ಬಂದದ್ದು ಮಹಾರಾಷ್ಟ್ರದ ನಾಸಿಕ್ ಪಕ್ಕದ ದೇವಳಾಲಿಯಿಂದ. ಭಾರತದಲ್ಲಿ ಸೇವೆ ಮುಗಿದ ಬ್ರಿಟಿಷ್ ಸಿಪಾಯಿಗಳು ಹಡಗಿಗೆ ಕಾಯುತ್ತಿದ್ದ ಶಿಬಿರ ಅಲ್ಲಿತ್ತು. ಸೈನಿಕರನ್ನು ಒಯ್ಯುವ ಹಡಗುಗಳು ಚಳಿಗಾಲದ ತಿಂಗಳುಗಳಲ್ಲಷ್ಟೇ ಓಡುತ್ತಿದ್ದವು. ಹೊತ್ತಲ್ಲದ ಹೊತ್ತಿನಲ್ಲಿ ಅವಧಿ ಮುಗಿದವನು ಬೇಸಿಗೆ, ಮಳೆಗಾಲ ಎರಡನ್ನೂ ಕೆಲಸವಿಲ್ಲದೆ ಕಳೆಯಬೇಕು. ಸೆಕೆ, ಹೆಂಡ, ಜ್ವರ, ಜಗಳ. ಮಂಕು ಬಡಿದವನಿಗೆ ‘ಡೂಲ್ಯಾಲಿ ಟ್ಯಾಪ್’ ಎನ್ನುತ್ತಿದ್ದರು. ಆ ‘ಟ್ಯಾಪ್’ ನಲ್ಲಿಯಲ್ಲ, ಜ್ವರಕ್ಕೆ ಹೇಳುವ ‘ತಪ್’, ನಮ್ಮ ‘ತಾಪ’ದ ಬಳಗ. ಇಂದು ಅದೇ ದೇವಳಾಲಿಯಲ್ಲಿ ಭಾರತೀಯ ಸೇನೆಯ ಆರ್ಟಿಲರಿ ಶಾಲೆ ಇದೆ. ಈ ಪುಸ್ತಕ ಓದಿದವರಲ್ಲಿ ಯಾರಾದರೂ ತೋಪುಪಡೆಗೆ ಸೇರಿದರೆ ಆ ಊರನ್ನು ನೋಡಲೂಬಹುದು. ಅಷ್ಟು ಹತ್ತಿರದ ಪದವನ್ನು ಅಷ್ಟು ದೂರಕ್ಕೆ ಎಸೆದಿದ್ದಾರೆ.

ಕೊನೆಯ ನಾಲ್ಕು ಪುಟಗಳಿಗಾಗಿಯಾದರೂ ಪುಸ್ತಕ ಕೊಳ್ಳಬೇಕು. ಭಾರತೀಯ ಸೇನೆ ಮತ್ತು ಆಯ್ಕೆ ಶಿಬಿರದ ಮಾತುಗಳು ಅಲ್ಲಿವೆ, ಬಹುತೇಕ ನಿರ್ದೋಷವಾಗಿ. ‘ರಗಡಾ’: ದೈಹಿಕ ಶಿಕ್ಷೆಯ ಸುತ್ತು, ಫ್ರಂಟ್ ರೋಲಿನಿಂದ ಶುರು. ಹಿಂದಿಯಲ್ಲಿ ಉಜ್ಜುವುದು ಎಂಬ ಮೂಲ. ನಮ್ಮ ಹುಡುಗರು ‘ರುಬ್ಬಿಬಿಟ್ರು’ ಅನ್ನುವುದಿಲ್ಲವೇ, ಅದೇ. ‘ಪಟ್ಟೀ ಪರೇಡ್’: ಅಕಾಡೆಮಿಯಲ್ಲಿ ಕೆಲವೇ ನಿಮಿಷ ಕೊಟ್ಟು ಒಂದರ ಮೇಲೊಂದು ಸಮವಸ್ತ್ರ ಬದಲಿಸಿ ಬರಲು ಅಟ್ಟುವ ಶಿಕ್ಷೆ. ‘ರೆಲಿಗೇಷನ್’: ಪಾಸಾಗದೆ ಒಂದು ಟರ್ಮ್ ಹಿಂದಕ್ಕೆ. ‘ರೆಡ್ ಇಂಕ್ ಎಂಟ್ರಿ’: ಜವಾನನ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷೆ, ಬಡ್ತಿಗೆ ಅಡ್ಡ, ಹೆಚ್ಚಾದರೆ ಕೆಲಸಕ್ಕೇ ಸಂಚಕಾರ. ‘ಸ್ಕ್ರೀನ್ಡ್ ಔಟ್’: ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಮೊದಲ ದಿನದ ಬುದ್ಧಿಪರೀಕ್ಷೆ ಮತ್ತು ಚಿತ್ರ ನೋಡಿ ಕತೆ ಕಟ್ಟಿ ಚರ್ಚಿಸುವ ಸುತ್ತಿನಲ್ಲೇ ಉಳಿಯದೆ, ಅದೇ ದಿನ ಬ್ಯಾಗು ಎತ್ತುವುದು. ‘ಕಾನ್ಫರೆನ್ಸ್ ಔಟ್’: ಐದೂ ದಿನ ಇದ್ದು ಕೊನೆಯ ದಿನದ ಸಭೆಯ ನಂತರ ಹೆಸರು ಕರೆಯದಿರುವುದು. ಎರಡರಲ್ಲಿ ಯಾವುದು ಹೆಚ್ಚು ಉರಿ ಎಂಬ ಚರ್ಚೆ ಹೋಗಿಬಂದವರ ನಡುವೆ ಮುಗಿಯುವುದಿಲ್ಲ. ಈ ಪುಟ ಬರೆದವರು ಯಾರೋ ಒಳಗಿನ ನೀರು ಕುಡಿದವರು. ಉಳಿದ ಅಧ್ಯಾಯಗಳನ್ನೂ ಅವರ ಕೈಗೇ ಕೊಡಬೇಕಿತ್ತು.

ತಯಾರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಗದ ತೆಳು, 70 ಜಿಎಸ್‌ಎಂ, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಪ್ಲಾಸ್ಟಿಕ್ ಸ್ಪೈರಲ್ ತುದಿಯಲ್ಲಿ ಮಡಚಿಲ್ಲ, ಬ್ಯಾಗಿನಲ್ಲಿ ವಾರ ಓಡಾಡಿದರೆ ತಿರುಗಿ ಹೊರಬರುತ್ತದೆ. ಕೊಂಡ ಕೂಡಲೇ ಎರಡೂ ತುದಿಯನ್ನು ಕತ್ತರಿಯಿಂದ ಒಳಕ್ಕೆ ಬಾಗಿಸಿಕೊಳ್ಳಿ. ಉಚ್ಚಾರದ ಆಡಿಯೋಗೆ ಕೊಟ್ಟ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ‘ಅನುಮತಿ ಕೇಳಿ’ ಎಂಬ ಪುಟ ಬರುತ್ತದೆ. ಸ್ನಾಫುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದೊಳಗೆ ಇಲ್ಲ.

ಬಳಸುವ ರೀತಿ: ಪ್ರತಿ ಪುಟದ ಬಲಕ್ಕೆ ಎರಡು ಬೆರಳಷ್ಟು ಖಾಲಿ ಅಂಚಿದೆ. ಅಲ್ಲಿ ಪೆನ್ಸಿಲಿನಲ್ಲಿ ಪ್ರತಿ ಮಾತಿಗೂ ಸಮನಾದ ಕನ್ನಡ ಗಾದೆಯನ್ನೋ ಬೈಗುಳವನ್ನೋ ಬರೆದುಕೊಳ್ಳಿ, ಪಕ್ಕದಲ್ಲಿ ಒಂದು ಗುರುತು ಹಾಕಿ: ಎಲ್ಲರ ಮುಂದೆ, ಗೆಳೆಯರ ಮುಂದೆ, ಕೇಳಿದರೆ ಸಾಕು. ದಿನಕ್ಕೆ ಆರರಂತೆ ತಿಂಗಳಿಗೆ 180 ಮುಗಿಯುತ್ತದೆ. ಏಳನೇ ಅಧ್ಯಾಯದ ತಲೆಬರಹವನ್ನು ಮೊದಲೇ ಹೊಡೆದುಹಾಕಿ. ಅಂಗಡಿಯವರನ್ನು ಕೇಳಿದರೆ ಕೊನೆಯ ನಾಲ್ಕು ಪುಟವನ್ನಷ್ಟೇ ಜೆರಾಕ್ಸ್ ಮಾಡಿಕೊಡುವುದಿಲ್ಲ, ಪೂರ್ತಿಯೇ ಕೊಳ್ಳಬೇಕು.